ಜಿಗಿಯುವ ಹೆಣ್ಣು ಕುದುರೆಗೆ ಗಂಡು ನೋಡುತ್ತಿದ್ದೇವೆ: ಮೂರು ಕಡೆ ಮಾತಾಗಿದೆ, ಯಾವುದು ಸರಿ?

ಹುಮನಾಬಾದ್ ರೋಡ್

ಎಲ್ಲರಿಗೂ ನಮಸ್ಕಾರ. ಬೀದರ್ ಜಿಲ್ಲೆ, ಹುಮನಾಬಾದ್ ಹತ್ತಿರ ನಮ್ಮ ಹೊಲ. ಅಜ್ಜನ ಕಾಲದಿಂದ ದೇವಣಿ ದನ ಸಾಕಿದವರು ನಾವು, ಕುದುರೆ ಮಾತ್ರ ಹೊಸದು. ಮಗಳು ಬೆಂಗಳೂರಲ್ಲಿ ಓದುವಾಗ ರೈಡಿಂಗ್ ಹುಚ್ಚು ಹಚ್ಚಿಕೊಂಡು ಬಂದಳು. ಆರು ವರ್ಷದ ಹಿಂದೆ ಹೈದರಾಬಾದಿನ ಮಲಕಪೇಟ್ ರೇಸ್‌ನಲ್ಲಿ ಓಡಿ ಬಿಟ್ಟ ಒಂದು ಥರೋಬ್ರೆಡ್ (ರೇಸ್ ತಳಿಯ) ಹೆಣ್ಣು ಕುದುರೆ ಕಡಿಮೆಗೆ ಸಿಕ್ಕಿತು, ತಂದೆವು. ಮನೆಯಲ್ಲಿ ಬಿಜಲಿ ಅಂತ ಕರೆಯುತ್ತೇವೆ. ಈಗ 11 ವರ್ಷ. ಎತ್ತರ 15.3 ಹ್ಯಾಂಡ್ (ಒಂದು ಹ್ಯಾಂಡ್ ನಾಲ್ಕು ಇಂಚು, ಚುಕ್ಕೆಯ ಮುಂದಿನದು ಇಂಚು), ಅಂದರೆ ಹೆಗಲ ಹತ್ತಿರ 63 ಇಂಚು. 1.10 ಮೀಟರ್ ಎತ್ತರದ ಅಡ್ಡಕಂಬ ಆರಾಮಾಗಿ ಜಿಗಿಯುತ್ತಾಳೆ, ಎರಡು ಸಲ 1.20ರ ಸ್ಪರ್ಧೆಗೂ ಇಳಿದಿದ್ದಾಳೆ.

ಮೊನ್ನೆ ಡಿಸೆಂಬರಲ್ಲಿ ಬಲ ಮುಂಗಾಲಿನ ನರ, ಅಂದರೆ ಟೆಂಡನ್, ಊದಿತು. ಡಾಕ್ಟರು ಎಂಟು ತಿಂಗಳು ಜಿಗಿಸಬೇಡಿ ಅಂದರು. ಹೇಗೂ ಸುಮ್ನೆ ನಿಂತಿರುತ್ತಾಳೆ, ಒಂದು ಮರಿ ತೆಗೆದುಕೊಳ್ಳೋಣ ಅಂತ ಮಗಳ ಆಸೆ. ಇಲ್ಲಿಯವರೆಗೆ ಒಂದೂ ಮರಿ ಹಾಕಿಲ್ಲ.

ಮೂರು ಕಡೆ ಮಾತಾಗಿದೆ. ಒಂದು, ಆಳಂದ ಕಡೆ ಪರಿಚಯದವರ ಮಾರ್ವಾಡಿ ಗಂಡು, 15.1, ಕಿವಿ ತುದಿ ಎರಡೂ ಕೂಡುತ್ತವೆ, ನೋಡಿದರೆ ಕಣ್ಣು ತೆಗೆಯುವ ಹಾಗಿಲ್ಲ. ಎರಡು, ಪುಣೆ ಕಡೆ ಒಂದು ಫಾರ್ಮಿನ ಥರೋಬ್ರೆಡ್, ರೇಸ್ ಗೆದ್ದದ್ದು, ಫೀಸು ಮಾರ್ವಾಡಿಯ ನಾಲ್ಕು ಪಟ್ಟು. ಮೂರು, ಜರ್ಮನಿಯ ಹೋಲ್ಸ್‌ಟೈನರ್ ತಳಿಯ ಫ್ರೋಜನ್ ವೀರ್ಯ ತರಿಸಿಕೊಡುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ. ಅದರ ರೇಟ್ ಕೇಳಿ ನಮ್ಮಾಕೆ ಚಹಾ ಲೋಟ ಕೆಳಗಿಟ್ಟಳು.

ದೇವಣಿ ಹೋರಿ ಆರಿಸುವುದಾದರೆ ನನಗೆ ಕಣ್ಣಿದೆ. ಡುಬ್ಬ, ಗಂಗೆದೊಗಲು, ತಾಯಿಯ ಹಾಲು, ಎಲ್ಲ ಗೊತ್ತಾಗುತ್ತದೆ. ಇಲ್ಲಿ ಏನು ನೋಡಬೇಕು ಅಂತಲೇ ಗೊತ್ತಿಲ್ಲ. ತಿಳಿದವರು ಬಿಡಿಸಿ ಹೇಳಿ.

ಭೀಮಾ ದಂಡೆ

ಅಣ್ಣ, ನಾನು ಅಫಜಲಪುರ ಕಡೆಯವನು. ಹದಿನೆಂಟು ವರ್ಷದಿಂದ ಮಾರ್ವಾಡಿ ಇಟ್ಟಿದ್ದೇನೆ. ನನ್ನ ಮಾತು ಕೇಳಿದರೆ ಆಳಂದದ ಗಂಡೇ ಸಾಕು. ನಮ್ಮ ಬಿಸಿಲು ತಡೆಯುತ್ತದೆ, ಗೊರಸು ಕಬ್ಬಿಣ, ಜೋಳದ ಒಣ ಕಣಿಕೆ ತಿಂದು ಬದುಕುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 43 ಡಿಗ್ರಿ ಆದಾಗ ಜರ್ಮನಿ ಕುದುರೆಗೆ ಫ್ಯಾನ್ ಹಾಕಿ ಕೂರುತ್ತೀರಾ? ಮರಿ ಜಿಗಿಯಲಿಲ್ಲ ಅಂದರೂ ನಾಲ್ಕು ಕಾಸು ಹುಟ್ಟುತ್ತದೆ. ಮಾಳೆಗಾಂವ್ ಖಂಡೋಬಾ ಜಾತ್ರೆಗೆ ಹೊಡೆದುಕೊಂಡು ಹೋಗಿ, ಮೆರವಣಿಗೆಯವರು ಬಂದು ಕೈ ಹಿಡಿಯುತ್ತಾರೆ. ಥರೋಬ್ರೆಡ್ ಮರಿ ರೇಸಿಗೂ ಹೋಗಲಿಲ್ಲ, ಜಿಗಿಯಲೂ ಇಲ್ಲ ಅಂದರೆ ಏನು ಮಾಡುತ್ತೀರಿ?

ಕುದುರೆ ವ್ಯಾಪಾರ ನಮ್ಮ ನೆಲಕ್ಕೆ ಹೊಸದಲ್ಲ. 1470ರ ಸುಮಾರಿಗೆ ರಷ್ಯದ ಒಬ್ಬ ವ್ಯಾಪಾರಿ ಮಾರಲಿಕ್ಕೆ ಅಂತ ಒಂದೇ ಒಂದು ಗಂಡು ಕುದುರೆ ಹಡಗಿನಲ್ಲಿ ಹಾಕಿಕೊಂಡು ಈ ಕಡೆ ಬಂದಿದ್ದ. ಬಹಮನಿಗಳ ಬೀದರಿನಲ್ಲೇ ಮಾರಿದ. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆ ಬರುತ್ತವೆ ಅಂತ ಬರೆದಿಟ್ಟು ಹೋಗಿದ್ದಾನೆ. ಈಗ ನೋಡಿ, ಅದೇ ಆಳಂದದಲ್ಲಿ ಒಂದು ಗಂಡು ಹುಡುಕಬೇಕಾಗಿದೆ.

ಆಕ್ಸರ್

ಭೀಮಾ ದಂಡೆ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ, ಮಾರ್ವಾಡಿ ನನಗೂ ಇಷ್ಟ. ಆದರೆ ಇಲ್ಲಿ ಕೇಳಿದ್ದು ಜಿಗಿಯುವ ಮರಿ. ಮಾರ್ವಾಡಿಯ ಕತ್ತು ಮೇಲಕ್ಕೆ ನೆಟ್ಟಗೆ ಕೂತಿರುತ್ತದೆ, ತಲೆ ಎತ್ತಿ ಕುಣಿಯುತ್ತಾ ನಡೆಯಲಿಕ್ಕೆ ಬೆಳೆಸಿದ ತಳಿ. ಜಿಗಿಯುವ ಕುದುರೆ ಕಂಬದ ಮೇಲೆ ಹೋಗುವಾಗ ಕತ್ತು ಮುಂದೆ ಚಾಚಿ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಬೇಕು. ಮಾರ್ವಾಡಿಯ ಕುಲುಕಾಟ ಇಲ್ಲದ ರೇವಾಲ್ ನಡಿಗೆ ಸವಾರನಿಗೆ ಸುಖ, ಖರೆ. ಆದರೆ ಕಂಬಕ್ಕೆ ಹೋಗುವುದು ಕ್ಯಾಂಟರ್‌ನಲ್ಲಿ, ಅಂದರೆ ಹದವಾದ ನಾಗಾಲೋಟದಲ್ಲಿ. ಕ್ಯಾಂಟರ್ ಚೆನ್ನಾಗಿಲ್ಲದ ಗಂಡು ನಿಮಗೆ ಬೇಡ, ಕಿವಿ ಎಷ್ಟೇ ಚೆಂದ ಇರಲಿ.

ನಾನು ಕಲಬುರಗಿಯವಳು, ಈಗ ಪುಣೆಯಲ್ಲಿ ಜಿಗಿಸುತ್ತೇನೆ, ಒಂದಿಷ್ಟು ಹುಡುಗರಿಗೆ ಕಲಿಸುತ್ತೇನೆ.

ಹುಮನಾಬಾದ್ ಸರ್, ನೀವು ಮೂರು ಗಂಡಿನ ಬಗ್ಗೆ ಬರೆದಿದ್ದೀರಿ, ಬಿಜಲಿಯ ಬಗ್ಗೆ ಎತ್ತರ, ವಯಸ್ಸು ಬಿಟ್ಟರೆ ಏನೂ ಬರೆದಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ನಮ್ಮಲ್ಲೇ ಇದೆ ಅಲ್ವಾ. ಅರ್ಧ ರಕ್ತ ಅವಳದು, ಆರು ತಿಂಗಳು ಹಾಲು ಕೊಟ್ಟು ಬುದ್ಧಿ ಕಲಿಸುವವಳೂ ಅವಳೇ. ಮೊದಲು ಅವಳಲ್ಲಿ ಏನು ಕಡಿಮೆ ಇದೆ ಅಂತ ನೋಡಿ. ಗಂಡು ಹುಡುಕುವುದು ಆ ಕೊರತೆ ತುಂಬಲಿಕ್ಕೆ. ಎರಡು ಮೂರು ಕೊರತೆಯನ್ನು ಒಂದೇ ಗಂಡಿನಿಂದ ತುಂಬಿಸಲು ಹೋದರೆ ಯಾವುದೂ ತುಂಬುವುದಿಲ್ಲ.

ಒಂದು ಕೆಲಸ ಮಾಡಿ. ಮಗಳ ಫೋನಿನಲ್ಲಿ ಎಲ್ಲ ಸ್ಪರ್ಧೆಯ ವೀಡಿಯೊ ಇರುತ್ತವೆ. ಕಂಬ ಬಿದ್ದದ್ದನ್ನು ಮಾತ್ರ ತೆಗೆದು ನಿಧಾನಗತಿಯಲ್ಲಿ ನೋಡಿ. ಮುಂಗಾಲಿಗೆ ಬಿತ್ತೋ ಹಿಂಗಾಲಿಗೆ ಬಿತ್ತೋ ಬರೆದುಕೊಳ್ಳಿ. ಕೊನೆಯ ಮೂರು ಹೆಜ್ಜೆಯಲ್ಲಿ ಏನು ಮಾಡುತ್ತಾಳೆ ನೋಡಿ. ಮಗಳನ್ನು ಕೇಳಬೇಡಿ, ಅವಳು ಬಿಜಲಿಯ ತಪ್ಪು ಹೇಳುವುದಿಲ್ಲ. ನಾನೂ ನನ್ನ ಕುದುರೆಯದು ಹೇಳುವುದಿಲ್ಲ.

ಇನ್ನು ಥರೋಬ್ರೆಡ್ ಜಿಗಿಯುವುದಿಲ್ಲ ಅನ್ನುವವರಿಗೆ: 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜಿಗಿತದ ಚಿನ್ನ ಗೆದ್ದದ್ದು ಟಚ್ ಆಫ್ ಕ್ಲಾಸ್ ಅನ್ನುವ ಥರೋಬ್ರೆಡ್ ಹೆಣ್ಣು, ಬರೀ 16 ಹ್ಯಾಂಡ್. ರೇಸ್‌ನಲ್ಲಿ ಒಂದೂ ಗೆದ್ದಿರಲಿಲ್ಲ. ಆ ಒಲಿಂಪಿಕ್ಸ್‌ನಲ್ಲಿ 91 ಜಿಗಿತದಲ್ಲಿ 90 ಶುದ್ಧ, ಅಂದರೆ ಕಂಬ ಬೀಳಿಸಿಲ್ಲ. ಹೋಲ್ಸ್‌ಟೈನರ್ ತಳಿಯೊಳಗೂ ಥರೋಬ್ರೆಡ್ ರಕ್ತ ಸೇರಿದೆ, ಲೇಡಿಕಿಲ್ಲರ್ ಅನ್ನುವ ಥರೋಬ್ರೆಡ್ ಗಂಡಿನ ಮಗ ಲ್ಯಾಂಡ್‌ಗ್ರಾಫ್ ಆ ತಳಿಯ ದೊಡ್ಡ ಹೆಸರು. ಹಾಗಂತ ಪುಣೆಯ ಆ ಗಂಡು ಒಳ್ಳೆಯದು ಅಂತ ಅರ್ಥವಲ್ಲ. ರೇಸ್ ಗೆದ್ದದ್ದು ಅಂದಿರಿ. ಎಷ್ಟು ದೂರದ ರೇಸ್? ತಲೆ ತಣ್ಣಗಿದೆಯಾ? ಸೈಸ್‌ನನ್ನು ಕೇಳಿ, ಮಾಲೀಕರನ್ನಲ್ಲ. ದಿನಾ ಅದರ ಕಾಲು ಎತ್ತಿ ಗೊರಸು ಕೆರೆಯುವವನಿಗೆ ಗೊತ್ತಿರುತ್ತದೆ.

ದನದ ಡಾಕ್ಟರ್

ಕಲಬುರಗಿಯಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ದನ, ಆಡೇ ಜಾಸ್ತಿ, ಕುದುರೆ ವರ್ಷಕ್ಕೆ ಹತ್ತಿಪ್ಪತ್ತು. ಗಂಡಿನ ಚರ್ಚೆ ನಡೆಯಲಿ, ನಾನು ಹೆಣ್ಣಿನ ಕಡೆಯಿಂದ ಮಾತಾಡುತ್ತೇನೆ.

ಮೊದಲು ಆ ಕಾಲು. ನರ ಊದಿದ್ದು ಯಾಕೆ? ಗಟ್ಟಿ ನೆಲದಲ್ಲಿ ಜಾರಿ ಏಟು ಬಿದ್ದಿದ್ದರೆ ಮರಿಗೆ ಏನೂ ಬರುವುದಿಲ್ಲ. ಆದರೆ ಮುಂಗಾಲು ಮಂಡಿಯಲ್ಲಿ ಹಿಂದಕ್ಕೆ ಬಾಗಿದ್ದು, ಗೊರಸಿನ ಮೇಲಿನ ಗೆಣ್ಣು ಉದ್ದವಾಗಿ ಸಡಿಲ ಇದ್ದು ಅದರಿಂದ ನರಕ್ಕೆ ಭಾರ ಬಿದ್ದಿದ್ದರೆ ಅದು ಕಟ್ಟುಮಸ್ತಿನ ದೋಷ. ಮರಿಗೂ ಬರಬಹುದು. ಕಾಲು ಕೆಟ್ಟಿದೆ, ಅದಕ್ಕೇ ಮರಿ ತೆಗೆಯೋಣ ಅನ್ನುವುದು ನಮ್ಮಲ್ಲಿ ಬಹಳ ಜನ ಮಾಡುವ ತಪ್ಪು. ಪಕ್ಕದಿಂದ ನಿಲ್ಲಿಸಿ ಒಂದು ಫೋಟೊ ಹಾಕಿ.

ಎರಡನೆಯದು, 11 ವರ್ಷ, ಮೊದಲ ಮರಿ. ವಯಸ್ಸು ಮೀರಿಲ್ಲ, 15 ದಾಟಿದ ಮೇಲೆ ಕಷ್ಟ ಜಾಸ್ತಿ. ಆದರೆ ತಡವಾಗಿ ಮೊದಲ ಗಬ್ಬಕ್ಕೆ ಬರುವ ಹೆಣ್ಣಿಗೆ ಎಷ್ಟೋ ಸಲ ಗರ್ಭಕೋಶದ ಬಾಯಿ ಸರಿಯಾಗಿ ತೆರೆಯುವುದಿಲ್ಲ, ವೀರ್ಯ ಬಿದ್ದ ಮೇಲೆ ಒಳಗೆ ನೀರು ನಿಲ್ಲುತ್ತದೆ. ಅದಕ್ಕೇ ಗಂಡಿಗೆ ದುಡ್ಡು ಕೊಡುವ ಮುಂಚೆ ಒಂದು ಸ್ಕ್ಯಾನ್, ಗರ್ಭಕೋಶದ ಸ್ವಾಬ್ ಮಾಡಿಸಿ. ಬೀದರಿನಲ್ಲಿ ನಂದಿನಗರದ ವೆಟರ್ನರಿ ಕಾಲೇಜಿನಲ್ಲಿ ವಿಚಾರಿಸಿ, ನಿಮಗೆ ಹತ್ತಿರ.

ಫ್ರೋಜನ್ ವೀರ್ಯದ ಆಸೆ ಕೈಬಿಡಿ ಅನ್ನುವುದಿಲ್ಲ, ಆದರೆ ಅದು ಏನು ಕೇಳುತ್ತದೆ ಅಂತ ತಿಳಿದಿರಲಿ. ಕುದುರೆ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬೆದೆ ಐದರಿಂದ ಏಳು ದಿನ. ಗಂಡೇ ಹತ್ತಿರ ಇದ್ದರೆ ದಿನ ಬಿಟ್ಟು ದಿನ ಗಂಡಿನ ಹತ್ತಿರ ಬಿಟ್ಟರೆ ಸಾಕು, ವೀರ್ಯ ಒಳಗೆ ಎರಡು ದಿನ ಬದುಕುತ್ತದೆ. ಫ್ರೋಜನ್ ಕರಗಿಸಿದ ಮೇಲೆ ಅಷ್ಟು ಬಾಳುವುದಿಲ್ಲ. ಅಂಡ ಬಿಡುಗಡೆಯಾಗಿ ಆರು ಗಂಟೆಯೊಳಗೆ ಒಳಗೆ ಹೋಗಬೇಕು. ಅಂದರೆ ಅಂಡಕೋಶದಲ್ಲಿ 35 ಮಿಲಿಮೀಟರ್ ಗುಳ್ಳೆ ಕಂಡ ಮೇಲೆ ಇಂಜೆಕ್ಷನ್ ಕೊಟ್ಟು, ಆರಾರು ಗಂಟೆಗೊಮ್ಮೆ ಸ್ಕ್ಯಾನ್. ರಾತ್ರಿ ಎರಡಕ್ಕೂ. ನಿಮ್ಮ ಹೊಲಕ್ಕೆ ರಾತ್ರಿ ಎರಡಕ್ಕೆ ಮಷೀನ್ ಹೊತ್ತುಕೊಂಡು ಯಾರು ಬರುತ್ತಾರೆ? ಜೊತೆಗೆ ಹೊರದೇಶದಿಂದ ತರಿಸಲು ಕೇಂದ್ರ ಪಶುಸಂಗೋಪನೆ ಇಲಾಖೆಯ ಪರ್ಮಿಟ್ ಬೇಕು. "ತರಿಸಿಕೊಡುತ್ತೇನೆ" ಅಂದವರ ಹತ್ತಿರ ಅದು ಇದೆಯಾ, ಕಾಗದ ನೋಡಿ. ಇಲ್ಲದಿದ್ದರೆ ಮಾತೇ ಬೇಡ.

ಆಳಂದದ ಗಂಡಾಗಲಿ ಪುಣೆಯದ್ದಾಗಲಿ, ಗ್ಲಾಂಡರ್ಸ್ ಮತ್ತು ಈಐಎ (ಕುದುರೆಯ ಸಾಂಕ್ರಾಮಿಕ ರಕ್ತಹೀನತೆ) ರಕ್ತಪರೀಕ್ಷೆಯ ರಿಪೋರ್ಟ್ ಕೇಳಿ. ಗ್ಲಾಂಡರ್ಸ್ ಮನುಷ್ಯರಿಗೂ ಬರುತ್ತದೆ, ಪಾಸಿಟಿವ್ ಬಂದ ಕುದುರೆಯನ್ನು ಉಳಿಸಿಕೊಳ್ಳಲು ಬಿಡುವುದಿಲ್ಲ. ಜಾತ್ರೆ ಜಾತ್ರೆ ತಿರುಗುವ ಗಂಡಿಗೆ ಇದು ಇನ್ನೂ ಮುಖ್ಯ.

ಭೀಮಾ ದಂಡೆ

ನನ್ನ ಕುದುರೆಗಳ ರಿಪೋರ್ಟ್ ಇವೆ ಡಾಕ್ಟರೇ 😀 ಆಕ್ಸರ್ ತಂಗಿ ಹೇಳಿದ್ದು ಒಪ್ಪುತ್ತೇನೆ, ಕತ್ತಿನ ಮಾತು ಸರಿ. ಆದರೂ ಮಾಳೆಗಾಂವ್‌ನಲ್ಲಿ ಮಂಚದ ಮೇಲೆ ನಿಂತು ಕುಣಿಯುವ ಕುದುರೆ ನೋಡಿದರೆ ಜಿಗಿತ ಏನು ಮಹಾ ಅನ್ನಿಸುತ್ತದೆ.

ಹುಮನಾಬಾದ್ ರೋಡ್

ಎಲ್ಲರಿಗೂ ಧನ್ಯವಾದ. ಆಕ್ಸರ್ ಮೇಡಂ ಹೇಳಿದ ಹಾಗೆ ಭಾನುವಾರ ಇಡೀ ದಿನ ಕೂತು ವೀಡಿಯೊ ನೋಡಿದೆ. ಮಗಳಿಗೆ ಹೇಳಲಿಲ್ಲ. ತೊಗರಿ ರಾಶಿ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಮುಂಗಾಲು, ಹಿಂಗಾಲು ಅಂತ ಎರಡು ಭಾಗ ಮಾಡಿದೆ. ಎಲ್ಲ ಸೇರಿ ಬಿದ್ದ ಕಂಬ 14. ಅದರಲ್ಲಿ 11 ಹಿಂಗಾಲಿಗೆ!

ಮುಂಗಾಲು ಮಾತ್ರ ನೋಡಲಿಕ್ಕೆ ಹಬ್ಬ. ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಮಡಚುತ್ತಾಳೆ. ಅಗಲದ ಜೋಡಿ ಕಂಬ ಬಂದಾಗ ಹಿಂಗಾಲು ಹೊಟ್ಟೆಯ ಕೆಳಗೆ ಜೋತು ಬಿದ್ದು, ಹಿಂದಿನ ಕಂಬಕ್ಕೆ ಗೊರಸಿನ ತುದಿ ಟಕ್ ಅಂತ ತಾಗುತ್ತದೆ. ಇನ್ನೊಂದು ಕಂಡಿತು. ಕಂಬ ಹತ್ತಿರ ಬಂದಾಗ ತಲೆ ಮೇಲೆತ್ತಿ ಓಡಲಿಕ್ಕೆ ಶುರು ಮಾಡುತ್ತಾಳೆ, ಮಗಳು ಲಗಾಮು ಎಳೆದಷ್ಟೂ ಜೋರು. ರೇಸ್ ನೆನಪು ಹೋಗಿಲ್ಲವೇನೋ. ಇದನ್ನು ನಾನು ಆರು ವರ್ಷ ಗ್ಯಾಲರಿಯಲ್ಲಿ ಕೂತು ನೋಡಿದ್ದೇನೆ, ಕಂಡಿರಲಿಲ್ಲ. ದನ ಆದರೆ ಮೊದಲ ದಿನವೇ ಹೇಳುತ್ತಿದ್ದೆ.

ಮುಂಗಾಲು ಫೋಟೊ ಹಾಕಿದ್ದೇನೆ ಡಾಕ್ಟರೇ. ಏಟು ಬಿದ್ದದ್ದು ಖಚಿತ, ಮಳೆಯಲ್ಲಿ ಕಲ್ಲು ಹಾಸಿನ ಮೇಲೆ ಜಾರಿದ್ದಳು.

ಪುಣೆ ಫಾರ್ಮಿಗೂ ಫೋನ್ ಮಾಡಿದೆ. 1200 ಮೀಟರ್ ರೇಸ್‌ನ ಓಟಗಾರ ಅಂತೆ. ಸೈಸ್ ಜೊತೆ ಮಾತಾಡಬಹುದಾ ಅಂತ ಕೇಳಿದ್ದಕ್ಕೆ ನಕ್ಕು ಕೊಟ್ಟರು. ಅವನು ಪಾಪ ನೇರವಾಗಿ ಹೇಳಿದ: "ಸಾಬ್, ಒಳಗೆ ಹೋಗುವಾಗ ನಾನೇ ಬಾಗಿಲು ತೆರೆದಿಟ್ಟುಕೊಂಡು ಹೋಗುತ್ತೇನೆ." ಅಲ್ಲಿಗೆ ಅದು ಪಟ್ಟಿಯಿಂದ ಹೋಯಿತು. ಬಿಸಿ ತಲೆಗೆ ಇನ್ನೊಂದು ಬಿಸಿ ತಲೆ ಸೇರಿಸಿ ಏನು ಮಾಡಲಿ.

ಆಕ್ಸರ್

ಹನ್ನೊಂದು! ಸರ್, ಈಗ ನಿಮಗೆ ಗಂಡಿನಲ್ಲಿ ಏನು ಬೇಕು ಅಂತ ನೀವೇ ಹೇಳಿಬಿಟ್ಟಿರಿ. ಹಿಂಭಾಗ ಗಟ್ಟಿ, ಕಂಬದ ಮೇಲೆ ಹಿಂಗಾಲು ಹಿಂದಕ್ಕೆ ಬಿಚ್ಚಿ ಎಸೆಯುವುದು, ತಲೆ ತಣ್ಣಗೆ. ಮುಂಗಾಲಿನ ಬಗ್ಗೆ ಗಂಡು ಸುಮಾರಾಗಿದ್ದರೂ ನಡೆಯುತ್ತದೆ, ಅದನ್ನು ಬಿಜಲಿ ಕೊಡುತ್ತಾಳೆ. ಎತ್ತರದ ಆಸೆಗೆ 17 ಹ್ಯಾಂಡ್ ಗಂಡು ತರಬೇಡಿ. 16.1, 16.2 ಸಾಕು.

ಒಂದು ನಾಲ್ಕನೆಯ ದಾರಿ ಇದೆ. ಪುಣೆ ಹತ್ತಿರ ನನಗೆ ಗೊತ್ತಿರುವ ಒಬ್ಬರ ಹತ್ತಿರ ವಾರ್ಮ್‌ಬ್ಲಡ್ (ಹೋಲ್ಸ್‌ಟೈನರ್ ಥರದ ಯುರೋಪಿನ ಸವಾರಿ ತಳಿ) ಗಂಡು ಇದೆ, ಹೊರಗಿಂದ ಬಂದದ್ದು, ಸ್ವತಃ 1.30 ಜಿಗಿದದ್ದು, ಈಗ ಹನ್ನೆರಡು ವರ್ಷದ ಹುಡುಗಿ ಅದರ ಮೇಲೆ ಕೂತು ಕಲಿಯುತ್ತಾಳೆ. ಇದಕ್ಕಿಂತ ತಲೆಯ ಸರ್ಟಿಫಿಕೇಟ್ ಬೇಕಾ? ಅದರ ಎರಡು ಮರಿ ನೋಡಿದ್ದೇನೆ, ಎರಡೂ ಹಿಂಗಾಲು ಬಿಚ್ಚುತ್ತವೆ. ಗಂಡಿನ ಬಗ್ಗೆ ಕೇಳುವಾಗ ಅದು ಏನು ಗೆದ್ದಿತು ಅನ್ನುವುದಕ್ಕಿಂತ ಅದರ ಮರಿಗಳು ಏನು ಮಾಡುತ್ತಿವೆ ಅಂತ ಕೇಳಿ. ತಂಪು ಮಾಡಿದ ವೀರ್ಯ 5 ಡಿಗ್ರಿ ಡಬ್ಬಿಯಲ್ಲಿ ರಾತ್ರಿ ಹೊರಟರೆ ಬೆಳಿಗ್ಗೆ ಹುಮನಾಬಾದ್, ಸೋಲಾಪುರದ ಮೇಲಿಂದ ರಸ್ತೆ ಚೆನ್ನಾಗಿದೆ.

ವಾರ್ಮ್‌ಬ್ಲಡ್ ಅಂದಮೇಲೆ ಡಬ್ಲ್ಯುಎಫ್‌ಎಫ್‌ಎಸ್ ಟೆಸ್ಟ್ ಕೇಳಿ. ಚರ್ಮ ಕೂಡಿಕೊಳ್ಳದ ಮರಿ ಹುಟ್ಟುವ ರೋಗ, ಬದುಕುವುದಿಲ್ಲ. ತಂದೆ ತಾಯಿ ಇಬ್ಬರಲ್ಲೂ ಆ ಗುಣ ಅಡಗಿದ್ದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಥರೋಬ್ರೆಡ್‌ನಲ್ಲೂ ಅಪರೂಪಕ್ಕೆ ಇದೆ. ಗಂಡು ಶುದ್ಧ ಇದ್ದರೆ ಯೋಚನೆ ಇಲ್ಲ.

ಮತ್ತೆ ಒಂದು ಮಾತು, ಬೇಸರವಾದರೂ ಹೇಳುತ್ತೇನೆ. ಹನ್ನೊಂದು ತಿಂಗಳು ಗಬ್ಬ, ಮೂರು ವರ್ಷಕ್ಕೆ ಬೆನ್ನಿಗೆ ಜೀನು, ನಾಲ್ಕಕ್ಕೆ ಸಣ್ಣ ಕಂಬ, ಐದು ಆರಕ್ಕೆ ಒಂದು ಮೀಟರ್ ಎತ್ತರದ ಸ್ಪರ್ಧೆ. ಇವತ್ತು ಗಂಡಿಗೆ ಬಿಟ್ಟರೆ ಏಳು ವರ್ಷಕ್ಕೆ ನಿಮಗೆ ಏನು ಸಿಕ್ಕಿತು ಅಂತ ಗೊತ್ತಾಗುವುದು. ಮಗಳು ಆಗ ಎಲ್ಲಿರುತ್ತಾಳೆ? ಬರೀ ಜಿಗಿಯುವ ಕುದುರೆ ಬೇಕಿದ್ದರೆ ಅದೇ ದುಡ್ಡಿಗೆ ಆರು ವರ್ಷದ್ದು ಸಿಗುತ್ತದೆ. ಬಿಜಲಿಯ ಮರಿಯೇ ಬೇಕು ಅನ್ನುವುದಾದರೆ ಲೆಕ್ಕ ಬೇರೆ.

ದಾಲ್ ಮಿಲ್ ಹಿಂದೆ

ಕಲಬುರಗಿ. ತಡವಾಗಿ ಬಂದೆ. ನನ್ನ ಕಥೆ ಕೇಳಿ, ಆಮೇಲೆ ಬೇಕಾದದ್ದು ಮಾಡಿ. ನಾಲ್ಕು ವರ್ಷದ ಹಿಂದೆ ನನ್ನ ಹೆಣ್ಣನ್ನು ಒಂದು ಒಳ್ಳೆಯ ಗಂಡಿಗೆ ಬಿಟ್ಟೆ. ಬೆದೆ ಮತ್ತೆ ಬರಲಿಲ್ಲ, ಗಬ್ಬ ನಿಂತಿತು ಅಂತ ಪೇಡ ಹಂಚಿದೆ. ಬಂದ ವೈದ್ಯರು ಸ್ಕ್ಯಾನ್ ಬೇಡ ಅಂದರು, ನಾನೂ ಬೇಡ ಅಂದೆ. ಎಂಟನೆಯ ತಿಂಗಳಲ್ಲಿ, ನಾಗರಪಂಚಮಿ ಹಿಂದಿನ ರಾತ್ರಿ, ಅವಳು ಒದ್ದಾಡಲಿಕ್ಕೆ ಶುರು ಮಾಡಿದಳು. ಬ್ಯಾಟರಿ ಹಿಡಿದು ಹೋದರೆ ಹುಲ್ಲಿನ ಮೇಲೆ ಎರಡು ಸತ್ತ ಮರಿ. ಒಂದು ಬೆಕ್ಕಿನಷ್ಟೇ ಇತ್ತು. ಇನ್ನೊಂದಕ್ಕೆ ಹಣೆಯಲ್ಲಿ ಬಿಳಿ ಚುಕ್ಕೆ, ಅಪ್ಪನದೇ.

ಆಡಿಗೆ ಅವಳಿ ಆದರೆ ಖುಷಿ, ಕುದುರೆಗೆ ಅವಳಿ ಅಂದರೆ ಹೆಚ್ಚಿನಂಶ ಎರಡೂ ಹೋದ ಹಾಗೆ. ಡಾಕ್ಟರ್ ಇದನ್ನು ಬರೆಯಲಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಬಿಟ್ಟ 14ರಿಂದ 16ನೆಯ ದಿನದೊಳಗೆ ಸ್ಕ್ಯಾನ್ ಮಾಡಿಸಿದರೆ ಎರಡು ಕಂಡಾಗ ಒಂದನ್ನು ಒತ್ತಿ ತೆಗೆಯಲಿಕ್ಕೆ ಆಗುತ್ತದೆ. ಆಮೇಲೆ ಬಹಳ ಕಷ್ಟ.

ಇನ್ನೊಂದು. ನಮ್ಮ ಕಡೆ ಎಲ್ಲರ ಹೊಲದಲ್ಲೂ ಜೋಳ. ಗಬ್ಬದ ಕುದುರೆಗೆ ಹಸಿ ಜೋಳದ ಮೇವು ಹಾಕಲೇಬೇಡಿ, ಹೊಲಕ್ಕೆ ಮೇಯಲು ಬಿಡಬೇಡಿ. ದನ ತಿಂದು ಅರಗಿಸಿಕೊಂಡಿತು ಅಂತ ಕುದುರೆಗೆ ಹಾಕಿದರೆ ಮೂತ್ರಕೋಶ ಕೆಡುತ್ತದೆ, ಹಿಂಗಾಲು ತೂಗಾಡುತ್ತದೆ, ಗಬ್ಬ ಹೋಗಬಹುದು, ಮರಿಯ ಕಾಲು ಸೊಟ್ಟಗೂ ಹುಟ್ಟಬಹುದು. ಚೆನ್ನಾಗಿ ಒಣಗಿದ ಕಣಿಕೆಗೆ ತೊಂದರೆ ಇಲ್ಲ. ಜೊತೆಗೆ ಕುದುರೆ ಮೆಂತೆ ಒಂದು ಮಡಿ ಹಾಕಿಕೊಳ್ಳಿ.

ದನದ ಡಾಕ್ಟರ್

ದಾಲ್ ಮಿಲ್ ಅಣ್ಣ ಬರೆದದ್ದಕ್ಕೆ ಒಂದಕ್ಷರ ಸೇರಿಸುವುದಿಲ್ಲ. ನಾನೇ ಮೊದಲು ಬರೆಯಬೇಕಿತ್ತು, ತಪ್ಪಾಯಿತು.

ಫೋಟೊ ನೋಡಿದೆ. ಕಾಲಿನ ಕಟ್ಟು ಚೆನ್ನಾಗಿದೆ, ಏಟಿನ ಊತವೇ. ಮುಂದುವರಿಯಿರಿ. ತಂಪು ವೀರ್ಯ ಒಳ್ಳೆಯ ದಾರಿ, ಒಂದು ದಿನ ಪೂರ್ತಿ ಶಕ್ತಿ ಇರುತ್ತದೆ, ರಾತ್ರಿ ಎರಡಕ್ಕೆ ಯಾರೂ ಓಡಾಡಬೇಕಿಲ್ಲ. ದಿನಕ್ಕೊಂದು ಸ್ಕ್ಯಾನ್ ಸಾಕು. ಎಐ (ಕೃತಕ ಗರ್ಭಧಾರಣೆ) ಮರಿಗೆ ಥರೋಬ್ರೆಡ್ ಸ್ಟಡ್ ಬುಕ್‌ನಲ್ಲಿ, ಅಂದರೆ ತಳಿಯ ನೋಂದಣಿ ಪುಸ್ತಕದಲ್ಲಿ, ಜಾಗ ಇಲ್ಲ, ಅದು ನಿಮಗೆ ಬೇಕಾಗಿಯೂ ಇಲ್ಲ.

ಕಾಲ ಮಾತ್ರ ನೋಡಿಕೊಳ್ಳಿ. ಗಬ್ಬ ಸುಮಾರು 340 ದಿನ. ಫೆಬ್ರವರಿ, ಮಾರ್ಚ್ ಶುರುವಿನಲ್ಲಿ ಬಿಟ್ಟರೆ ಮುಂದಿನ ಜನವರಿ, ಫೆಬ್ರವರಿಯಲ್ಲಿ ಮರಿ, ಬಿಸಿಲು ಏರುವ ಹೊತ್ತಿಗೆ ಮರಿಗೆ ಎರಡು ತಿಂಗಳಾಗಿ ಕಾಲು ಗಟ್ಟಿಯಾಗಿರುತ್ತದೆ. ಮೇ ತಿಂಗಳಿಗೆ ತಳ್ಳಿದರೆ ಮರಿ ಏಪ್ರಿಲ್‌ಗೆ ಬೀಳುತ್ತದೆ, ಹುಟ್ಟಿದ ಮೊದಲ ವಾರವೇ 42 ಡಿಗ್ರಿ. ಮಳೆಗಾಲಕ್ಕೆ ಬಿದ್ದರೆ ದೊಡ್ಡ ನೊಣದ ಕಾಟ, ಅದು ಹರಡುವ ಸರ್ರಾ ಅನ್ನುವ ರಕ್ತದ ರೋಗದ ಭಯ. ಈ ಮಾರ್ಚ್ ತಪ್ಪಿದರೆ ಮುಂದಿನ ವರ್ಷಕ್ಕೆ ಬಿಡಿ.

ಬಿಜಲಿ ಮತ್ತೆ ಜಿಗಿಯಬೇಕು, ಮರಿಯೂ ಬೇಕು ಅಂದರೆ ಭ್ರೂಣವನ್ನು ತೆಗೆದು ಇನ್ನೊಂದು ಹೆಣ್ಣಿಗೆ ಇಡುವ ದಾರಿಯೂ ಉಂಟು. 2023ರಲ್ಲಿ ಬಿಕಾನೇರ್‌ನ ಸರ್ಕಾರಿ ಕುದುರೆ ಸಂಶೋಧನಾ ಕೇಂದ್ರದಲ್ಲಿ ಮಾರ್ವಾಡಿ ಮರಿ ಹಾಗೆ ಹುಟ್ಟಿತು. ಹುಮನಾಬಾದಿಗೆ ಅದು ಬರಲು ಇನ್ನೂ ದಿನ ಬೇಕು.

ಹುಮನಾಬಾದ್ ರೋಡ್

ತೀರ್ಮಾನ ಹೇಳಿಬಿಡುತ್ತೇನೆ. ಆಳಂದದವರಿಗೆ ಫೋನ್ ಮಾಡಿ ಇಲ್ಲ ಅಂದೆ, ಬೇಸರ ಮಾಡಿಕೊಳ್ಳಲಿಲ್ಲ, ಅವರ ಗಂಡಿಗೆ ಬೀದರಿನಿಂದಲೇ ಇನ್ನಿಬ್ಬರು ಬಂದಿದ್ದಾರಂತೆ. ಜರ್ಮನಿಯವರಿಗೆ ಪರ್ಮಿಟ್ ಕಾಗದ ತೋರಿಸಿ ಅಂದೆ, ಅಲ್ಲಿಂದ ಫೋನ್ ಎತ್ತುತ್ತಿಲ್ಲ. ನಿನ್ನೆ ನಂದಿನಗರಕ್ಕೆ ಬಿಜಲಿಯನ್ನು ಕರೆದುಕೊಂಡು ಹೋಗಿದ್ದೆವು, ಸ್ಕ್ಯಾನ್ ಸ್ವಚ್ಛ, ಸ್ವಾಬ್ ರಿಪೋರ್ಟ್ ಮೂರು ದಿನಕ್ಕೆ. ಕುದುರೆ ಕಂಡರೆ ಕಾಲುನೋವು ಅನ್ನುವ ನಮ್ಮಾಕೆ ಕೂಡ ಜೊತೆಗೆ ಬಂದಿದ್ದಳು.

ಏಳು ವರ್ಷದ ಲೆಕ್ಕ ಮಗಳಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಜಲಿಯದ್ದೇ ಬೇಕು ಅಪ್ಪಾ ಅಂದಳು.

ಆಕ್ಸರ್ ಮೇಡಂ ಹೇಳಿದ ಗಂಡಿನವರ ಜೊತೆ ಮಾತಾಯಿತು. ಎಲ್ಲ ರಿಪೋರ್ಟ್ ಕಳಿಸಿದರು, ಶುದ್ಧ ಇದೆ. ಒಂದೇ ತೊಡಕು. ಹೆಣ್ಣಿನ ವೀಡಿಯೊ ನೋಡದೆ ಗಂಡು ಕೊಡುವುದಿಲ್ಲವಂತೆ. ಮಗಳು 1.20 ಶುದ್ಧ ಹೋದ ವೀಡಿಯೊ ಆರಿಸಿ ಇಟ್ಟಿದ್ದಾಳೆ. ಕಂಬ ಬಿದ್ದದ್ದನ್ನೂ ಕಳಿಸಬೇಕಾ?

ಆಕ್ಸರ್

ಆ ಹನ್ನೊಂದನ್ನೇ ಮೊದಲು ಕಳಿಸಿ ಸರ್.